ಸಮಾನರೊಡನೆ ಸಮಾನರ ಹೋಲಿಕೆ

ಪ್ರತಿ ವರ್ಷ ಬೇಸಿಗೆಯಲ್ಲಿ ಎಸ್.ಎಸ್.ಎಲ್.ಸಿ. ಫಲಿತಾಂಶ ಪ್ರಕಟವಾದೊಡನೆ ನಮ್ಮ ಭಾಗದ ಉಪಾಧ್ಯಾಯರು ತಲೆ ತಗ್ಗಿಸಿ ನಿಲ್ಲಬೇಕಾದ ಪ್ರಸಂಗವೊಂದು ಒದಗಿ ಬರುತ್ತದೆ. ೨೦೨೫ರ ಪರೀಕ್ಷೆ-೧ರಲ್ಲಿ ದಕ್ಷಿಣ ಕನ್ನಡ ಜಿಲ್ಲೆಯು ಶೇಕಡಾ ೯೧.೧೨ ಪಡೆದು ಮೊದಲ ಸ್ಥಾನದಲ್ಲಿಯೂ, ನಮ್ಮ ಕಲಬುರಗಿ ಜಿಲ್ಲೆಯು ಶೇಕಡಾ ೪೨.೪೩ ಪಡೆದು ಕೊನೆಯ ಸ್ಥಾನದಲ್ಲಿಯೂ ನಿಂತವು. ಈ ಎರಡು ಸಂಖ್ಯೆಗಳನ್ನು ಅಕ್ಕಪಕ್ಕದಲ್ಲಿಟ್ಟು “ಅಲ್ಲಿಯ ಮಾಸ್ತರರು ಕಲಿಸುತ್ತಾರೆ, ಇಲ್ಲಿಯವರು ಕಲಿಸುವುದಿಲ್ಲ” ಎಂದು ತೀರ್ಪು ಕೊಡುವವರಿಗೆ ಬರವಿಲ್ಲ. ನಮ್ಮಲ್ಲಿ ಕೊರತೆಯೇ ಇಲ್ಲವೆಂದು ಯಾರೂ ಹೇಳಲಾರರು. ಆದರೆ ತಂದೆ ತಾಯಿಯರ ಓದು, ಮನೆಯ ಆದಾಯ, ಸುಗ್ಗಿಯ ಕಾಲದಲ್ಲಿ ಗುಳೆ ಹೋಗುವ ಕುಟುಂಬಗಳ ಸಂಖ್ಯೆ, ಶಾಲೆಗಳ ಚರಿತ್ರೆ ಇವೆಲ್ಲವುಗಳಲ್ಲಿ ಭಿನ್ನವಾಗಿರುವ ಎರಡು ಜಿಲ್ಲೆಗಳ ಅಂತರವನ್ನು ಇಡಿಯಾಗಿ ಉಪಾಧ್ಯಾಯರ ತಲೆಗೆ ಕಟ್ಟುವುದು ನ್ಯಾಯವಲ್ಲವೆಂಬುದು ನಮ್ಮೆಲ್ಲರ ಅಂತರಂಗದ ಮಾತು.

ಈಗ ಇದೇ ತಕ್ಕಡಿಯನ್ನು ನಮ್ಮ ಕಡೆಗೆ ತಿರುಗಿಸಿ ನೋಡೋಣ. ಶ್ರೀಮಠಗಳ ಆಶ್ರಯದಲ್ಲಿ ನಡೆಯುವ ಶಾಲೆಗಳ ವಾರ್ಷಿಕ ವರದಿಗಳಲ್ಲಿ “ನಮ್ಮ ಉಚಿತ ಪ್ರಸಾದ ನಿಲಯದ ವಿದ್ಯಾರ್ಥಿಗಳು ಹೊರಗಿನಿಂದ ಬರುವವರಿಗಿಂತ ಹೆಚ್ಚು ಅಂಕ ಪಡೆದಿರುವರು” ಎಂಬ ವಾಕ್ಯವನ್ನು ನಾವು ಅಭಿಮಾನದಿಂದ ಅಚ್ಚು ಮಾಡಿಸುತ್ತೇವೆ. ದಾನಿಗಳು ಅದನ್ನೋದಿ ಸಂತೋಷಪಡುತ್ತಾರೆ. ಆದರೆ ನಿಲಯಕ್ಕೆ ಸೇರಿಸಿಕೊಳ್ಳುವಾಗಲೇ ಚುರುಕಾದ ಮಕ್ಕಳನ್ನು ನಾವು ಆರಿಸಿಕೊಂಡಿದ್ದರೆ ಆ ಹೆಚ್ಚಳ ನಿಲಯದ ಶಿಸ್ತಿನ ಫಲವೋ, ಆಯ್ಕೆಯ ಫಲವೋ? ತನಗೆ ಪ್ರತಿಕೂಲವಾದ ಹೋಲಿಕೆಯನ್ನು ಅನ್ಯಾಯವೆನ್ನುವವನು ತನಗೆ ಅನುಕೂಲವಾದ ಹೋಲಿಕೆಯನ್ನೂ ಅದೇ ಮಾನದಿಂದ ಅಳೆಯಬೇಕಷ್ಟೆ.

ಸಮಾನರನ್ನು ಸಮಾನರೊಡನೆಯೇ ಹೋಲಿಸುವ ಈ ನ್ಯಾಯವನ್ನು ಸಂಖ್ಯಾಶಾಸ್ತ್ರದಲ್ಲಿ ‘ಮ್ಯಾಚಿಂಗ್’ ಎಂದು ಕರೆಯುತ್ತಾರೆ. ನಾವು ಇದನ್ನು ‘ಜೋಡಿಸುವಿಕೆ’ ಎನ್ನೋಣ. ಈ ವಿಧಾನದ ಸ್ವರೂಪವೇನು, ವಯಸ್ಸು, ಅಂಕ, ಆದಾಯಗಳಂಥ ಅಳತೆಗಳಲ್ಲಿ ಅದು ಎದುರಿಸುವ ತೊಡಕು ಯಾವುದು, ನಮ್ಮ ನಾಡಿನಲ್ಲಿಯೇ ಅದು ನೀಡಿದ ಒಂದು ಮಹತ್ತ್ವದ ಫಲವೇನು ಎಂಬುದನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಜೋಡಿಸುವಿಕೆ ಎಂದರೇನು?

ಒಂದು ಔಷಧ, ಒಂದು ಯೋಜನೆ, ಅಥವಾ ಒಂದು ಶಿಕ್ಷಣಕ್ರಮದ ಫಲವನ್ನು ತಿಳಿಯಬೇಕಾದರೆ ಅದನ್ನು ಪಡೆದವರನ್ನು ಪಡೆಯದವರೊಡನೆ ಹೋಲಿಸಬೇಕು. ಯಾರಿಗೆ ಕೊಡಬೇಕೆಂಬುದನ್ನು ಚೀಟಿ ಎತ್ತಿ ನಿರ್ಧರಿಸುವ ಅವಕಾಶವಿದ್ದರೆ ಹೋಲಿಕೆ ಸುಲಭ. ಚೀಟಿಗೆ ಪಕ್ಷಪಾತವಿಲ್ಲವಾದುದರಿಂದ ಎರಡು ಗುಂಪುಗಳೂ ಸ್ಥೂಲವಾಗಿ ಒಂದೇ ಬಗೆಯವಾಗಿರುತ್ತವೆ. ಆದರೆ ಹಸಿದ ಮಗುವಿಗೆ ಪ್ರಸಾದ ನಿಲಯದಲ್ಲಿ ಸ್ಥಾನ ಕೊಡುವಾಗ ಚೀಟಿ ಎತ್ತುವವರಾರು? ಅಂಥಲ್ಲಿ ಪಡೆದವರಲ್ಲಿ ಒಬ್ಬೊಬ್ಬರಿಗೂ ಉಳಿದೆಲ್ಲ ವಿಷಯಗಳಲ್ಲಿ ಸರಿಹೊಂದುವ ಒಬ್ಬೊಬ್ಬರನ್ನು ಪಡೆಯದವರಲ್ಲಿ ಹುಡುಕಿ ಜೋಡಿ ಮಾಡಿ, ಜೋಡಿಗಳ ನಡುವಿನ ಅಂತರವನ್ನು ನೋಡಬೇಕಾಗುತ್ತದೆ.

ಹುಡುಗ ಅಥವಾ ಹುಡುಗಿ, ಹಳ್ಳಿ ಅಥವಾ ಪಟ್ಟಣ ಎಂಬಂಥ ಗುಣಗಳಲ್ಲಿ ಈ ಕಾರ್ಯ ಸರಳ. ಹುಡುಗಿಗೆ ಹುಡುಗಿಯನ್ನೇ, ಹಳ್ಳಿಯ ಮಗುವಿಗೆ ಹಳ್ಳಿಯ ಮಗುವನ್ನೇ ಜೋಡಿಸಿದರಾಯಿತು. ಆದರೆ ವಯಸ್ಸು, ಎತ್ತರ, ಆದಾಯ, ಊರಿನ ದೂರ ಮೊದಲಾದವು ಹಾಗಲ್ಲ. ಇವು ಹೊಳೆಯ ನೀರಿನಂತೆ ಎಡೆಬಿಡದೆ ಹರಿಯುವ ಅಳತೆಗಳು. ಎಷ್ಟು ಸೂಕ್ಷ್ಮವಾಗಿ ಅಳೆದರೂ ಎರಡು ಬೆಲೆಗಳ ನಡುವೆ ಮತ್ತೊಂದು ಬೆಲೆ ಇದ್ದೇ ಇರುತ್ತದೆ. ಇಂಥವನ್ನು ‘ಅವಿಚ್ಛಿನ್ನ ಚಲಕ’ಗಳೆನ್ನುತ್ತಾರೆ. ಪರೀಕ್ಷೆಯ ಅಂಕಗಳನ್ನೂ ವ್ಯವಹಾರದಲ್ಲಿ ಇದೇ ವರ್ಗಕ್ಕೆ ಸೇರಿಸುತ್ತಾರೆ. ಹದಿಮೂರು ವರ್ಷ ನಾಲ್ಕು ತಿಂಗಳು ಒಂಬತ್ತು ದಿನದ ಬಾಲಕನಿಗೆ ಅಷ್ಟೇ ವಯಸ್ಸಿನ, ಅಷ್ಟೇ ಅಂಕದ, ಅಷ್ಟೇ ಆದಾಯದ ಮನೆಯ ಮತ್ತೊಬ್ಬ ಬಾಲಕನನ್ನು ಹುಡುಕುತ್ತ ಹೊರಟರೆ ಇಡೀ ಜಿಲ್ಲೆಯನ್ನು ಸುತ್ತಿದರೂ ಜೋಡಿ ಸಿಕ್ಕಲಾರದು. ಆದ್ದರಿಂದ ಇಲ್ಲಿ ‘ಸಮಾನ’ ಎಂಬ ಮಾತಿಗೆ ‘ಸಮೀಪ’ ಎಂಬ ಅರ್ಥವನ್ನೇ ಇಟ್ಟುಕೊಳ್ಳಬೇಕು. ಎಷ್ಟು ಸಮೀಪವಾದರೆ ಸಮಾನ? ವಿಷಯದ ತಿರುಳೆಲ್ಲ ಈ ಪ್ರಶ್ನೆಯಲ್ಲಿದೆ.

ವಯಸ್ಸನ್ನು ಮರೆತವರ ಲೆಕ್ಕ

ಈ ಪ್ರಶ್ನೆಯನ್ನು ಕಡೆಗಣಿಸಿದರೆ ಎಂಥ ವಿಪರೀತ ತೀರ್ಮಾನಕ್ಕೆ ಬರಬೇಕಾಗುತ್ತದೆಂಬುದಕ್ಕೆ ವಿಲಿಯಂ ಕೊಕ್ರನ್ ಎಂಬ ಸಂಖ್ಯಾಶಾಸ್ತ್ರಜ್ಞರು ೧೯೬೮ರಲ್ಲಿ ಪ್ರಕಟಿಸಿದ ಲೇಖನದ ಉದಾಹರಣೆ ಪ್ರಸಿದ್ಧವಾಗಿದೆ. ಕೆನಡಾ ದೇಶದ ಪುರುಷರಲ್ಲಿ ವರ್ಷಕ್ಕೆ ಸಾವಿರಕ್ಕೆ ಎಷ್ಟು ಮಂದಿ ಸಾಯುತ್ತಾರೆಂದು ಲೆಕ್ಕ ಹಾಕಿದಾಗ, ಧೂಮಪಾನ ಮಾಡದವರಲ್ಲಿ ೨೦.೨, ಸಿಗರೇಟು ಸೇದುವವರಲ್ಲಿ ೨೦.೫, ಚುಟ್ಟ ಹಾಗೂ ಪೈಪು ಸೇದುವವರಲ್ಲಿ ೩೫.೫ ಎಂದು ಕಂಡುಬಂದಿತ್ತು. ಇದನ್ನು ಇದ್ದಂತೆಯೇ ನಂಬಿದರೆ ಸಿಗರೇಟು ನಿರಪಾಯ, ಚುಟ್ಟ ಮಾತ್ರ ಮೃತ್ಯುಸಮಾನ ಎನ್ನಬೇಕಾಗುತ್ತದೆ.

ಗುಟ್ಟು ಇದ್ದುದು ವಯಸ್ಸಿನಲ್ಲಿ. ಧೂಮಪಾನ ಮಾಡದವರ ಸರಾಸರಿ ವಯಸ್ಸು ೫೪.೯ ವರ್ಷ, ಸಿಗರೇಟಿನವರದು ೫೦.೫, ಚುಟ್ಟ ಪೈಪುಗಳವರದು ೬೫.೯. ಚುಟ್ಟ ಸೇದುವವರು ಹೆಚ್ಚಾಗಿ ವೃದ್ಧರಾಗಿದ್ದರು. ವೃದ್ಧರಲ್ಲಿ ಸಾವು ಹೆಚ್ಚು. ಕೊಕ್ರನ್ನರು ವಯಸ್ಸನ್ನು ತುಂಡುಗಳಾಗಿ ವಿಭಾಗಿಸಿ, ಆಯಾ ತುಂಡಿನೊಳಗಿನವರನ್ನು ಆಯಾ ತುಂಡಿನವರೊಡನೆಯೇ ಹೋಲಿಸಿ ಮತ್ತೆ ಕೂಡಿಸಿದರು. ವಯಸ್ಸನ್ನು ಎರಡೇ ಭಾಗ ಮಾಡಿದಾಗ ಸಿಗರೇಟಿನವರ ಸಂಖ್ಯೆ ೨೬.೪ಕ್ಕೆ ಏರಿತು, ಚುಟ್ಟದವರದು ೨೪.೦ಕ್ಕೆ ಇಳಿಯಿತು. ಮೂರು ಭಾಗ ಮಾಡಿದಾಗ ಅವು ೨೮.೩ ಮತ್ತು ೨೧.೨ ಆದುವು. ಹತ್ತರ ಆಸುಪಾಸು ಭಾಗಗಳಾದಾಗ ೨೯.೫ ಮತ್ತು ೧೯.೮ರಲ್ಲಿ ನಿಂತವು. ಸಿಗರೇಟಿನ ಅಪಾಯ ಆಗ ಬಯಲಾಯಿತು. ಇಂಥ ಒಂದು ಅಳತೆಯನ್ನು ಐದು ಭಾಗಗಳಾಗಿ ವಿಭಾಗಿಸಿದರೆ ಅದರಿಂದುಂಟಾಗುವ ಪಕ್ಷಪಾತದಲ್ಲಿ ಸಾಮಾನ್ಯವಾಗಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಪಾಲು ನೀಗುತ್ತದೆಂದು ಕೊಕ್ರನ್ನರು ತೋರಿಸಿಕೊಟ್ಟರು.

ಇದರಿಂದ ಎರಡು ಪಾಠಗಳು ಹೊರಡುತ್ತವೆ. ಒರಟಾಗಿ ಜೋಡಿಸಿದರೂ ಜೋಡಿಸದಿರುವುದಕ್ಕಿಂತ ಮೇಲು. ಆದರೆ ಎರಡೇ ತುಂಡು ಮಾಡಿ “ವಯಸ್ಸನ್ನು ಗಣನೆಗೆ ತೆಗೆದುಕೊಂಡಿದ್ದೇವೆ” ಎಂದು ಕೈತೊಳೆದುಕೊಂಡರೆ ಪಕ್ಷಪಾತದ ದೊಡ್ಡ ಪಾಲು ಒಳಗೇ ಉಳಿದುಬಿಡುತ್ತದೆ.

ಗೆರೆ ಎಳೆಯುವುದರ ಕಷ್ಟ

ತುಂಡು ಮಾಡುವಲ್ಲಿ ಇನ್ನೊಂದು ತೊಡಕಿದೆ. ಅದನ್ನು ತಿಳಿಯಲು ಕೆನಡಾಕ್ಕೆ ಹೋಗಬೇಕಾಗಿಲ್ಲ. ಪ್ರಾದೇಶಿಕ ಅಸಮತೋಲನ ನಿವಾರಣೆಗಾಗಿ ಡಾ. ಡಿ. ಎಂ. ನಂಜುಂಡಪ್ಪನವರ ಅಧ್ಯಕ್ಷತೆಯಲ್ಲಿ ರಚಿತವಾದ ಉನ್ನತಾಧಿಕಾರ ಸಮಿತಿಯು ೨೦೦೨ರಲ್ಲಿ ತನ್ನ ವರದಿಯನ್ನೊಪ್ಪಿಸಿತು. ಸಮಿತಿಯು ೩೫ ಸೂಚಕಗಳನ್ನು ಕೂಡಿಸಿ ಅಂದಿನ ೧೭೫ ತಾಲ್ಲೂಕುಗಳಿಗೂ ಒಂದೊಂದು ಅಭಿವೃದ್ಧಿ ಸೂಚ್ಯಂಕವನ್ನು ಕಟ್ಟಿತು. ರಾಜ್ಯದ ಸರಾಸರಿ ೧ ಎಂದಿಟ್ಟುಕೊಂಡು, ೦.೮೯ರಿಂದ ೦.೯೯ರವರೆಗೆ ಹಿಂದುಳಿದವು, ೦.೮೦ರಿಂದ ೦.೮೮ರವರೆಗೆ ಅತಿ ಹಿಂದುಳಿದವು, ೦.೫೩ರಿಂದ ೦.೭೯ರವರೆಗೆ ಅತ್ಯಂತ ಹಿಂದುಳಿದವು ಎಂದು ವಿಂಗಡಿಸಿತು. ಒಟ್ಟು ೧೧೪ ತಾಲ್ಲೂಕುಗಳು ಹಿಂದುಳಿದವೆಂದು ಕಂಡುಬಂದವು. ಅತ್ಯಂತ ಹಿಂದುಳಿದ ೩೯ರಲ್ಲಿ ೨೧ ಅಂದಿನ ಗುಲಬರ್ಗಾ ವಿಭಾಗದವು.

ಅನುದಾನ ಹಂಚುವ ಸರ್ಕಾರಕ್ಕೆ ಎಲ್ಲಿಯಾದರೂ ಗೆರೆ ಎಳೆಯಲೇಬೇಕು. ಆ ವರದಿಯ ಉಪಕಾರವನ್ನು ನಮ್ಮ ಭಾಗದವರು ಮರೆಯಲಾರರು. ಆದರೆ ಹೋಲಿಕೆಯ ದೃಷ್ಟಿಯಿಂದ ನೋಡಿರಿ: ೦.೭೯ರ ತಾಲ್ಲೂಕೂ ೦.೮೦ರ ತಾಲ್ಲೂಕೂ ಅವಳಿಗಳಂತಿದ್ದರೂ ಬೇರೆ ಬೇರೆ ವರ್ಗಕ್ಕೆ ಬೀಳುತ್ತವೆ, ೦.೫೩ರದೂ ೦.೭೯ರದೂ ಬಹುದೂರವಿದ್ದರೂ ಒಂದೇ ವರ್ಗದಲ್ಲಿ ಕುಳಿತುಕೊಳ್ಳುತ್ತವೆ. “ಎರಡೂ ಅತ್ಯಂತ ಹಿಂದುಳಿದ ತಾಲ್ಲೂಕುಗಳೇ” ಎಂದು ಹೇಳಿ ಇವೆರಡರ ಶಾಲೆಗಳನ್ನು ಹೋಲಿಸುವವನು ಸಮಾನರನ್ನು ಹೋಲಿಸಿದಂತಾಗಲಿಲ್ಲ. ಆಡಳಿತಕ್ಕೆ ಬೇಕಾದ ಗೆರೆ ಅಧ್ಯಯನಕ್ಕೆ ಸಾಲದು. ಅಧ್ಯಯನಕಾರನು ವರ್ಗದ ಹೆಸರನ್ನು ಬಿಟ್ಟು ಮೂಲದ ಅಳತೆಯನ್ನೇ ಹಿಡಿಯಬೇಕು.

ಸಮೀಪವನ್ನು ಅಳೆಯುವ ಬಗೆಗಳು

ಮೂಲದ ಅಳತೆಯನ್ನು ಹಿಡಿದು ಜೋಡಿಸುವ ಅತಿ ಸರಳ ಮಾರ್ಗವೆಂದರೆ ಅತಿ ಸಮೀಪದವನನ್ನು ಆರಿಸುವುದು. ಒಂದು ಕಲ್ಪಿತ ಉದಾಹರಣೆಯನ್ನು ತೆಗೆದುಕೊಳ್ಳೋಣ. ನಿಲಯದ ಇಬ್ಬರು ಬಾಲಕರು ಏಳನೆಯ ತರಗತಿಯಲ್ಲಿ ೬೦ ಮತ್ತು ೬೩ ಅಂಕ ಪಡೆದಿದ್ದಾರೆ. ಹೊರಗಿನಿಂದ ಬರುವ ಇಬ್ಬರು ೫೭ ಮತ್ತು ೬೨ ಪಡೆದಿದ್ದಾರೆ. ಮೊದಲು ೬೦ರವನಿಗೆ ಜೋಡಿ ಹುಡುಕಿದರೆ ೬೨ರವನು ಸಿಗುತ್ತಾನೆ, ಅಂತರ ೨. ಉಳಿದ ೬೩ರವನಿಗೆ ೫೭ರವನೇ ಗತಿ, ಅಂತರ ೬. ಒಟ್ಟು ಅಂತರ ೮. ಇದರ ಬದಲು ಇಬ್ಬರನ್ನೂ ಒಟ್ಟಿಗೆ ಪರಿಗಣಿಸಿ ೬೦ಕ್ಕೆ ೫೭ನ್ನೂ ೬೩ಕ್ಕೆ ೬೨ನ್ನೂ ಜೋಡಿಸಿದರೆ ಅಂತರಗಳು ೩ ಮತ್ತು ೧, ಒಟ್ಟು ೪ ಮಾತ್ರ. ಪಂಕ್ತಿಯಲ್ಲಿ ಮೊದಲು ಕುಳಿತವನಿಗೇ ಎಲ್ಲವನ್ನೂ ಬಡಿಸಿದರೆ ಕೊನೆಯವನಿಗೆ ಕೊರತೆಯಾಗುವಂತೆ, ಒಬ್ಬೊಬ್ಬರಿಗೇ ಜೋಡಿ ಹುಡುಕುತ್ತ ಹೋದರೆ ಒಟ್ಟಂದ ಕೆಡುತ್ತದೆ. ಎಲ್ಲ ಜೋಡಿಗಳ ಒಟ್ಟು ಅಂತರವನ್ನು ಕನಿಷ್ಠಗೊಳಿಸುವ ಲೆಕ್ಕವನ್ನು ಇಂದು ಗಣಕಯಂತ್ರಗಳು ಕ್ಷಣದಲ್ಲಿ ಮಾಡಿಕೊಡುತ್ತವೆ.

ಎರಡನೆಯದು ಮಿತಿಯ ವಿಚಾರ. ಅತಿ ಸಮೀಪದವನೂ ಬಹುದೂರವಿರಬಹುದು. ನಿಲಯದಲ್ಲಿ ೯೧ ಅಂಕದ ಬಾಲಕನೊಬ್ಬನಿದ್ದು, ಹೊರಗಿನವರಲ್ಲಿ ಎಲ್ಲರಿಗಿಂತ ಮುಂದಿರುವವನು ೭೫ರಲ್ಲಿದ್ದರೆ ಅವರಿಬ್ಬರನ್ನು ಜೋಡಿಯೆನ್ನುವುದು ಹಾಸ್ಯಾಸ್ಪದ. ಆದ್ದರಿಂದ “ಮೂರು ಅಂಕಕ್ಕಿಂತ ಹೆಚ್ಚು ಅಂತರವಿದ್ದರೆ ಜೋಡಿಸತಕ್ಕದ್ದಲ್ಲ” ಎಂಬಂಥ ಒಂದು ಮಿತಿಯನ್ನು ಮೊದಲೇ ಗೊತ್ತುಪಡಿಸಬೇಕು. ಇದನ್ನು ‘ಕ್ಯಾಲಿಪರ್’ ಎನ್ನುತ್ತಾರೆ. ಮಿತಿ ಬಿಗಿಯಾದಷ್ಟೂ ಜೋಡಿಗಳು ಶುದ್ಧವಾಗುತ್ತವೆ, ಆದರೆ ಅವುಗಳ ಸಂಖ್ಯೆ ಕುಗ್ಗುತ್ತದೆ. ಸಡಿಲವಾದಷ್ಟೂ ಸಂಖ್ಯೆ ಬೆಳೆಯುತ್ತದೆ, ಆದರೆ ಪಕ್ಷಪಾತ ನುಸುಳುತ್ತದೆ. ಎರಡನ್ನೂ ಒಟ್ಟಿಗೆ ಪಡೆಯುವ ಉಪಾಯವಿಲ್ಲ. ಜೋಡಿ ದೊರೆಯದ ೯೧ರ ಬಾಲಕನನ್ನು ಲೆಕ್ಕದಿಂದ ಬಿಡಬೇಕಾಗುತ್ತದೆ, ಮತ್ತು ಬಿಟ್ಟಿದ್ದೇವೆಂದು ಹೇಳಬೇಕಾಗುತ್ತದೆ. ಆಗ ಬರುವ ಉತ್ತರ ಜೋಡಿ ಸಿಕ್ಕ ಮಕ್ಕಳಿಗೆ ಮಾತ್ರ ಸಂಬಂಧಿಸಿದ್ದು, ನಿಲಯದ ಸಮಸ್ತ ಮಕ್ಕಳಿಗಲ್ಲ.

ಮೂರನೆಯ ತೊಡಕು, ಅಳತೆಗಳು ಹಲವಾದಾಗ. ಐದು ಅಂಕದ ಅಂತರ, ಐದು ಮೈಲಿಯ ಅಂತರ, ಐದು ಸಾವಿರ ರೂಪಾಯಿಯ ಅಂತರ ಇವುಗಳನ್ನು ಕೂಡಿಸುವುದೆಂತು? ಸೇರನ್ನೂ ಗಜವನ್ನೂ ಕೂಡಿಸಿದಂತಾದೀತು. ಇದಕ್ಕೆ ಪರಿಹಾರ ನೀಡಿದವರು ನಮ್ಮ ದೇಶದವರೇ ಆದ ಪ್ರಶಾಂತಚಂದ್ರ ಮಹಾಲನೋಬಿಸರು ಎಂಬುದು ಅಭಿಮಾನದ ಸಂಗತಿ. ೧೯೨೦ರಲ್ಲಿ ನಾಗಪುರದ ವಿಜ್ಞಾನ ಸಮ್ಮೇಳನದಲ್ಲಿ ಭೇಟಿಯಾದ ನೆಲ್ಸನ್ ಅನ್ನಾಂಡೇಲರು ಕಲಕತ್ತೆಯ ಆಂಗ್ಲೋ-ಇಂಡಿಯನ್ನರ ದೇಹದ ಅಳತೆಗಳನ್ನು ವಿಶ್ಲೇಷಿಸಿಕೊಡುವಂತೆ ಕೋರಿದರು. ಆ ಕೆಲಸದಿಂದ ಹುಟ್ಟಿದ ಚಿಂತನೆ ೧೯೩೬ರ ಪ್ರಬಂಧದಲ್ಲಿ ಪರಿಪಕ್ವವಾಗಿ ‘ಮಹಾಲನೋಬಿಸ್ ದೂರ’ವೆಂದು ಜಗತ್ತಿನಲ್ಲೆಲ್ಲ ಹೆಸರಾಯಿತು. ಪ್ರತಿಯೊಂದು ಅಳತೆಯನ್ನೂ ಅದು ಜನರಲ್ಲಿ ಎಷ್ಟು ಹರಡಿಕೊಂಡಿದೆಯೋ ಆ ಹರವಿನಿಂದಲೇ ಅಳೆಯುವುದು ಅದರ ಮೊದಲ ಸೂತ್ರ. ಒಂದಕ್ಕೊಂದು ಅಂಟಿಕೊಂಡ ಅಳತೆಗಳನ್ನು ಎರಡು ಸಲ ಎಣಿಸದಿರುವುದು ಎರಡನೆಯ ಸೂತ್ರ. ಹೆಚ್ಚು ಭೂಮಿಯಿದ್ದವರಿಗೆ ಹೆಚ್ಚು ಆದಾಯವೂ ಇರುವುದು ಸಹಜ. ಎರಡನ್ನೂ ಬೇರೆ ಬೇರೆಯಾಗಿ ಎಣಿಸಿದರೆ ಒಂದೇ ಅಂತರಕ್ಕೆ ಇಮ್ಮಡಿ ತೂಕ ಬಿದ್ದಂತಾಗುತ್ತದೆ.

ನಾಲ್ಕನೆಯ ಮಾರ್ಗವನ್ನು ೧೯೮೩ರಲ್ಲಿ ಪಾಲ್ ರೋಸೆನ್‌ಬಾಮ್ ಮತ್ತು ಡೊನಾಲ್ಡ್ ರೂಬಿನ್ ಎಂಬ ಅಮೆರಿಕದ ವಿದ್ವಾಂಸರು ತೋರಿಸಿದರು. ಅಂಕ, ವಯಸ್ಸು, ದೂರ, ಆದಾಯ ಎಲ್ಲವನ್ನೂ ನೋಡಿ, ಇಂಥ ಮಗು ನಿಲಯಕ್ಕೆ ಸೇರುವ ಸಂಭವನೀಯತೆ ಎಷ್ಟೆಂದು ಒಂದೇ ಸಂಖ್ಯೆಯಲ್ಲಿ ಹೇಳುವುದು ಇದರ ಕ್ರಮ. ಇದಕ್ಕೆ ‘ಪ್ರೊಪೆನ್ಸಿಟಿ ಸ್ಕೋರ್’ ಎಂದು ಹೆಸರು. ಸೇರುವ ಸಂಭವ ಹತ್ತರಲ್ಲಿ ಆರರಷ್ಟಿದ್ದು ಸೇರಿದ ಮಗುವನ್ನು, ಅಷ್ಟೇ ಸಂಭವವಿದ್ದೂ ಸೇರದ ಮಗುವಿನೊಡನೆ ಜೋಡಿಸುತ್ತಾರೆ. ಹಲವು ಅಳತೆಗಳು ಒಂದಾಗುವುದು ಇದರ ಅನುಕೂಲ. ಆದರೆ ಒಂದೇ ಸಂಭವನೀಯತೆಯ ಇಬ್ಬರು ಮಕ್ಕಳು ಬಿಡಿಬಿಡಿ ಗುಣಗಳಲ್ಲಿ ಬೇರೆಯಾಗಿರಬಹುದು. ಗ್ಯಾರಿ ಕಿಂಗ್ ಮತ್ತು ರಿಚರ್ಡ್ ನೀಲ್ಸನ್ ೨೦೧೯ರಲ್ಲಿ ಈ ದೋಷವನ್ನು ಎತ್ತಿ ತೋರಿಸಿ, ಜೋಡಿಸಲು ಈ ಅಂಕವನ್ನು ಬಳಸಬಾರದೆಂದೇ ವಾದಿಸಿದರು. ಯಾವ ಮಾರ್ಗವನ್ನು ಹಿಡಿದರೂ ಜೋಡಿಸಿದ ಮೇಲೆ ಎರಡು ಗುಂಪುಗಳ ಒಂದೊಂದು ಅಳತೆಯನ್ನೂ ಪಕ್ಕಪಕ್ಕದಲ್ಲಿಟ್ಟು ತಾಳೆ ನೋಡುವುದು ಅನಿವಾರ್ಯ. ಸರಾಸರಿಗಳ ವ್ಯತ್ಯಾಸವು ಮಾನಕ ವಿಚಲನೆಯ ಹತ್ತನೆಯ ಒಂದು ಪಾಲಿಗಿಂತ ಕಡಿಮೆಯಿದ್ದರೆ ತಾಳೆ ಸರಿಯಾಗಿದೆಯೆಂದು ವಾಡಿಕೆಯಲ್ಲಿ ಒಪ್ಪುತ್ತಾರೆ.

ನಮ್ಮ ವಿಭಾಗದಿಂದಲೇ ಆರಂಭವಾದ ಒಂದು ಪರೀಕ್ಷೆ

ಇಷ್ಟೆಲ್ಲ ಸೂಕ್ಷ್ಮಗಳಿಂದ ಜನಸಾಮಾನ್ಯರಿಗೇನು ಲಾಭವೆಂದು ಕೇಳುವವರಿಗೆ ವಾಜಪೇಯಿ ಆರೋಗ್ಯಶ್ರೀ ಯೋಜನೆಯ ಕಥೆಯೇ ಉತ್ತರ. ಹೃದಯರೋಗ, ಕ್ಯಾನ್ಸರ್ ಮೊದಲಾದ ದೊಡ್ಡ ಕಾಯಿಲೆಗಳಿಗೆ ಬಡತನ ರೇಖೆಗಿಂತ ಕೆಳಗಿನ ಕುಟುಂಬಗಳು ಆಸ್ಪತ್ರೆಯಲ್ಲಿ ಹಣ ಕೊಡದೆ ಚಿಕಿತ್ಸೆ ಪಡೆಯುವಂತೆ, ಕುಟುಂಬಕ್ಕೆ ವರ್ಷಕ್ಕೆ ಒಂದೂವರೆ ಲಕ್ಷ ರೂಪಾಯಿಯವರೆಗೆ ವೆಚ್ಚ ಭರಿಸುವ ಯೋಜನೆಯಿದು. ರಾಜ್ಯ ಸರ್ಕಾರವು ಇದನ್ನು ೨೦೧೦ರ ಫೆಬ್ರವರಿಯಲ್ಲಿ ಮೊದಲು ಅಂದಿನ ಗುಲಬರ್ಗಾ ವಿಭಾಗದಲ್ಲಿ ಜಾರಿಗೆ ತಂದಿತು. ಅದೇ ವರ್ಷ ಬೆಳಗಾವಿ ವಿಭಾಗಕ್ಕೂ ವಿಸ್ತರಿಸಿತು. ದಕ್ಷಿಣದ ಬೆಂಗಳೂರು, ಮೈಸೂರು ವಿಭಾಗಗಳ ಬಡವರು ೨೦೧೨ರವರೆಗೆ ಕಾಯಬೇಕಾಯಿತು. ೨೦೧೮ರ ನಂತರ ಈ ಯೋಜನೆಯ ಸ್ಥಾನದಲ್ಲಿ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಬಂದಿದೆ.

ಇಂದು ಸೇಡಂ ರಸ್ತೆಯಲ್ಲಿ ವಿಶ್ವವಿದ್ಯಾಲಯದ ಜ್ಞಾನಗಂಗಾ ಆವರಣವನ್ನೂ ಇ.ಎಸ್.ಐ. ವೈದ್ಯಕೀಯ ಕಾಲೇಜನ್ನೂ ನೋಡುತ್ತ ಬೆಳೆಯುವ ಮಕ್ಕಳಿಗೆ ಅಂದಿನ ಸ್ಥಿತಿ ಊಹೆಗೆ ನಿಲುಕಲಿಕ್ಕಿಲ್ಲ. ಎದೆಯ ಶಸ್ತ್ರಚಿಕಿತ್ಸೆ ಎಂದೊಡನೆ ಹೊಲ ಮಾರಿ ಹೈದರಾಬಾದಿಗೋ ಸೊಲ್ಲಾಪುರಕ್ಕೋ ಬೆಂಗಳೂರಿಗೋ ಓಡಬೇಕಾಗಿದ್ದ ಕಾಲವದು. ಹಾಗಾದರೆ ಯೋಜನೆಯಿಂದ ನಿಜವಾಗಿಯೂ ಜೀವಗಳು ಉಳಿದವೇ?

ಕಲಬುರಗಿಯ ಹಳ್ಳಿಗಳನ್ನು ಮಂಡ್ಯದ ಹಳ್ಳಿಗಳೊಡನೆ ಹೋಲಿಸಿದ್ದರೆ ಉತ್ತರ ಕೈಗೆ ಹತ್ತುತ್ತಿರಲಿಲ್ಲ. ಮಳೆ, ಬೆಳೆ, ಆಸ್ಪತ್ರೆ, ಓದು ಎಲ್ಲವೂ ಬೇರೆ. ನೀರಜ್ ಸೂದ್, ಅರ್ಣಬ್ ಮುಖರ್ಜಿ ಮತ್ತಿತರ ಸಂಶೋಧಕರು ಬೇರೊಂದು ದಾರಿ ಹಿಡಿದರು. ಯೋಜನೆಯಿದ್ದ ಉತ್ತರಕ್ಕೂ ಇಲ್ಲದ ದಕ್ಷಿಣಕ್ಕೂ ನಡುವೆ ಆಡಳಿತದ ಗಡಿಯೊಂದಿತ್ತಷ್ಟೆ. ಆ ಗಡಿ ಕಾಗದದ ಮೇಲಿನದು. ಅದರ ಎರಡು ಮಗ್ಗುಲಿನ ಹಳ್ಳಿಗಳ ಮಣ್ಣು ಒಂದೇ, ಮಾತು ಒಂದೇ, ಸಂತೆಯೂ ಬಹುಮಟ್ಟಿಗೆ ಒಂದೇ. ಗಡಿಯ ಉತ್ತರದ ೩೦೦ ಹಳ್ಳಿಗಳಲ್ಲಿ ೩೧,೪೭೬ ಮನೆಗಳನ್ನೂ, ಅವಕ್ಕೆ ಜೋಡಿಸಿದ ದಕ್ಷಿಣದ ೨೭೨ ನೆರೆಹಳ್ಳಿಗಳಲ್ಲಿ ೨೮,೬೩೩ ಮನೆಗಳನ್ನೂ ಸಮೀಕ್ಷಿಸಿ, ೨೦೧೪ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಎಂಬ ಪತ್ರಿಕೆಯಲ್ಲಿ ಫಲಿತಾಂಶವನ್ನು ಪ್ರಕಟಿಸಿದರು.

ಯೋಜನೆಯ ವ್ಯಾಪ್ತಿಗೆ ಬರುವ ಕಾಯಿಲೆಗಳಿಂದ ಸಂಭವಿಸಿದ ಮರಣದ ಪ್ರಮಾಣ, ಉತ್ತರದ ಬಡ ಕುಟುಂಬಗಳಲ್ಲಿ ಶೇಕಡಾ ೦.೩೨, ಗಡಿಯಾಚೆಗಿನ ಬಡ ಕುಟುಂಬಗಳಲ್ಲಿ ಶೇಕಡಾ ೦.೯೦. ಸುಮಾರು ಮೂರರಲ್ಲಿ ಒಂದು ಪಾಲು. ಆಸ್ಪತ್ರೆಗೆ ದಾಖಲಾದಾಗ ಯೋಜನೆಗೆ ಅರ್ಹರಾದ ಕುಟುಂಬಗಳು ಕೈಯಿಂದ ತೆರಬೇಕಾದ ಹಣವೂ ಶೇಕಡಾ ೩೪ರಷ್ಟು ಇಳಿದಿತ್ತು.

ಇಷ್ಟಕ್ಕೇ ಅವರು ತೃಪ್ತರಾಗಲಿಲ್ಲ. “ಉತ್ತರದ ಆ ಹಳ್ಳಿಗಳೇ ಒಂದು ವೇಳೆ ಹೆಚ್ಚು ಆರೋಗ್ಯಕರವಾಗಿದ್ದಿರಬಹುದು” ಎಂದು ಸಂದೇಹಿಸುವವರಿಗೆ ಉತ್ತರವಾಗಿ, ಯೋಜನೆಗೆ ಅರ್ಹರಲ್ಲದ, ಬಡತನ ರೇಖೆಗಿಂತ ಮೇಲಿನ ಕುಟುಂಬಗಳನ್ನೂ ಎರಡು ಕಡೆಗಳಲ್ಲಿ ನೋಡಿದರು. ಅವರಲ್ಲಿ ಮರಣದ ಪ್ರಮಾಣ ಉತ್ತರದಲ್ಲಿ ಶೇಕಡಾ ೦.೫೬, ದಕ್ಷಿಣದಲ್ಲಿ ೦.೫೫. ಬಹುತೇಕ ಒಂದೇ! ಹಳ್ಳಿಯ ಗಾಳಿನೀರೇ ಕಾರಣವಾಗಿದ್ದರೆ ಉಳ್ಳವರಲ್ಲಿಯೂ ಅಂತರ ತೋರಬೇಕಾಗಿತ್ತು. ತೋರಿದ್ದು ಯೋಜನೆ ತಲುಪಿದ ಬಡವರಲ್ಲಿ ಮಾತ್ರ. ಚೀಟಿ ಎತ್ತಿ ಹಳ್ಳಿಗಳನ್ನು ಆರಿಸಿದ್ದಲ್ಲವಾದುದರಿಂದ ಈ ಸಾಕ್ಷ್ಯಕ್ಕೂ ಮಿತಿಯಿದೆ. ಆದರೂ ಜೋಡಿಸುವಿಕೆಯ ಕಲೆ ಎಷ್ಟರಮಟ್ಟಿಗೆ ಸತ್ಯದ ಹತ್ತಿರ ಕೊಂಡೊಯ್ಯಬಲ್ಲುದೆಂಬುದಕ್ಕೆ ಇದಕ್ಕಿಂತ ಹತ್ತಿರದ ನಿದರ್ಶನ ನಮಗೆ ಬೇಡ.

ಜೋಡಿಸುವವನನ್ನೇ ಮೋಸಗೊಳಿಸುವ ಜೋಡಿ

ಶಿಕ್ಷಕರು ವಿಶೇಷವಾಗಿ ಗಮನಿಸಬೇಕಾದ ಅಪಾಯವೊಂದಿದೆ. ಪರೀಕ್ಷೆಯ ಅಂಕ ಶುದ್ಧ ಯೋಗ್ಯತೆಯ ಅಳತೆಯಲ್ಲ. ಅದರಲ್ಲಿ ಅದೃಷ್ಟದ ಪಾಲೂ ಇದೆ. ಓದಿದ ಪ್ರಶ್ನೆಯೇ ಬಂದಿರಬಹುದು, ಆ ದಿನ ಜ್ವರ ಬಂದಿರಬಹುದು. ನಿಲಯಕ್ಕೆ ಬರುವ ಮಕ್ಕಳ ಗುಂಪಿನ ಸರಾಸರಿ ೪೫, ಹೊರಗಿನವರ ಗುಂಪಿನ ಸರಾಸರಿ ೬೫ ಎಂದು ಭಾವಿಸೋಣ. ಎರಡು ಗುಂಪುಗಳಿಂದಲೂ ೫೫ ಅಂಕ ಪಡೆದವರನ್ನೇ ಆರಿಸಿ ಜೋಡಿ ಮಾಡಿದೆವೆನ್ನೋಣ. ಅಂಕ ಸರಿಸಮ, ನೋಡುವವರ ಕಣ್ಣಿಗೆ ದೋಷವೇ ಇಲ್ಲ. ಆದರೆ ಮೊದಲ ಗುಂಪಿನಲ್ಲಿ ೫೫ ಪಡೆದವರಲ್ಲಿ ಅಂದು ಅದೃಷ್ಟ ಒಲಿದವರು ಹೆಚ್ಚಾಗಿರುತ್ತಾರೆ. ಎರಡನೆಯದರಲ್ಲಿ ೫೫ಕ್ಕೆ ಇಳಿದವರಲ್ಲಿ ಅದೃಷ್ಟ ಕೈಕೊಟ್ಟವರು ಹೆಚ್ಚಾಗಿರುತ್ತಾರೆ. ಸರಾಸರಿಯಿಂದ ದೂರ ಸರಿದುದರಲ್ಲಿ ಅರ್ಧಪಾಲು ಅದೃಷ್ಟದ್ದಾಗಿದ್ದರೆ, ಮುಂದಿನ ಪರೀಕ್ಷೆಯಲ್ಲಿ ಮೊದಲಿನವರು ೫೦ಕ್ಕೆ ಇಳಿದು, ಎರಡನೆಯವರು ೬೦ಕ್ಕೆ ಏರುತ್ತಾರೆ. ನಿಲಯವು ಏನನ್ನೂ ಕೆಡಿಸದಿದ್ದರೂ ಹತ್ತು ಅಂಕ ಕೆಡಿಸಿದಂತೆ ಕಾಣುತ್ತದೆ.

ಇದು ಬರಿಯ ಊಹೆಯಲ್ಲ. ಅಮೆರಿಕದಲ್ಲಿ ಬಡಮಕ್ಕಳ ಪೂರ್ವ ಪ್ರಾಥಮಿಕ ಶಿಕ್ಷಣಕ್ಕಾಗಿ ೧೯೬೫ರಲ್ಲಿ ಆರಂಭವಾದ ‘ಹೆಡ್ ಸ್ಟಾರ್ಟ್’ ಯೋಜನೆಯಿಂದ ಹೆಚ್ಚಿನ ಪ್ರಯೋಜನವಿಲ್ಲವೆಂದು ೧೯೬೯ರ ಒಂದು ವರದಿ ಸಾರಿತು. ಡೊನಾಲ್ಡ್ ಕ್ಯಾಂಬೆಲ್ ಮತ್ತು ಆಲ್ಬರ್ಟ್ ಎರ್ಲೆಬೇಕರ್ ಮರುವರ್ಷವೇ ಇಂಥ ಜೋಡಿಸುವಿಕೆಯು ಉಪಕಾರಿಯಾದ ಯೋಜನೆಯನ್ನೂ ಅಪಕಾರಿಯೆಂದು ತೋರಿಸಬಲ್ಲುದೆಂದು ವಾದಿಸಿದರು. ಬಡ ಮಕ್ಕಳಲ್ಲಿ ತುಸು ಮೇಲಿನವರನ್ನೂ ಅನುಕೂಲಸ್ಥರಲ್ಲಿ ತುಸು ಕೆಳಗಿನವರನ್ನೂ ಹಿಡಿದು ಸಮಾನರೆನ್ನುವಾಗ ಸೋಲುವವನು ಯಾವಾಗಲೂ ಬಡವನೇ. ಒಂದೇ ಪರೀಕ್ಷೆಯ ಅಂಕವನ್ನು ನಂಬದೆ ಹಲವು ಪರೀಕ್ಷೆಗಳ ಸರಾಸರಿಯಿಂದ ಜೋಡಿಸುವುದು, ಹಾಗೂ ಆದಷ್ಟು ಮಟ್ಟಿಗೆ ಒಂದೇ ಊರಿನ, ಒಂದೇ ಬಗೆಯ ಶಾಲೆಗಳ ಮಕ್ಕಳಲ್ಲಿಯೇ ಜೋಡಿ ಹುಡುಕುವುದು ಈ ದೋಷವನ್ನು ಬಹಳಷ್ಟು ತಗ್ಗಿಸುತ್ತದೆ.

ನಮ್ಮ ಶಾಲೆಗಳಿಗೆ ಅನ್ವಯ

ಮಠದ ಶಾಲೆಗಳಲ್ಲಿ ಪ್ರವೇಶದ ರಿಜಿಸ್ಟರು, ಹಿಂದಿನ ತರಗತಿಗಳ ಅಂಕಪಟ್ಟಿ, ಊರಿನ ಹೆಸರು, ಪಾಲಕರ ಉದ್ಯೋಗ ಇವೆಲ್ಲವೂ ಮೊದಲಿನಿಂದಲೂ ಬರೆದಿಟ್ಟ ಸಾಮಗ್ರಿಗಳು. ಇವುಗಳ ಆಧಾರದಿಂದ ನಿಲಯದ ಮಕ್ಕಳ ಪ್ರಗತಿಯನ್ನು ಯಾವ ಗಣಿತದ ಉಪಾಧ್ಯಾಯರೂ ಪರಿಶೀಲಿಸಬಹುದು. ಅದಕ್ಕೆ ಈ ಕೆಲವು ನಿಯಮಗಳು ಸಾಕು.

ಒಂದು: ಅಂತಿಮ ಫಲಿತಾಂಶವನ್ನು ನೋಡುವ ಮೊದಲೇ ಜೋಡಿಗಳನ್ನು ನಿರ್ಧರಿಸಬೇಕು. ಫಲಿತಾಂಶ ಕಂಡಮೇಲೆ ಕೈ ತನಗರಿಯದೆಯೇ ತನಗೆ ಬೇಕಾದ ಜೋಡಿಯನ್ನು ಹುಡುಕುತ್ತದೆ.

ಎರಡು: ನಿಲಯಕ್ಕೆ ಸೇರುವುದಕ್ಕಿಂತ ಮುಂಚಿನ ಸಂಗತಿಗಳಿಂದ ಮಾತ್ರ ಜೋಡಿಸಬೇಕು. ಸೇರಿದ ಮೇಲಿನ ಹಾಜರಿಯನ್ನು ಸರಿಸಮ ಮಾಡಿದರೆ ನಿಲಯದ ಫಲವನ್ನೇ ಒರೆಸಿಹಾಕಿದಂತಾಗುತ್ತದೆ. ಹಾಜರಿ ಹೆಚ್ಚಿಸುವುದೇ ನಿಲಯದ ಒಂದು ಉಪಕಾರವಲ್ಲವೇ?

ಮೂರು: ಎಷ್ಟು ಅಂತರದವರೆಗೆ ಜೋಡಿಯೆಂದು ಒಪ್ಪಿದ್ದೇವೆಂಬುದನ್ನೂ, ಜೋಡಿ ದೊರೆಯದೆ ಬಿಟ್ಟ ಮಕ್ಕಳೆಷ್ಟೆಂಬುದನ್ನೂ ವರದಿಯಲ್ಲಿ ಮುಚ್ಚಿಡದೆ ಬರೆಯಬೇಕು.

ನಾಲ್ಕು: ಜೋಡಿಸಿದ ಮೇಲೆ ಎರಡು ಗುಂಪುಗಳ ವಯಸ್ಸು, ಅಂಕ, ದೂರಗಳ ಸರಾಸರಿಯನ್ನು ಒಂದು ಚಿಕ್ಕ ಕೋಷ್ಟಕದಲ್ಲಿ ತೋರಿಸಬೇಕು. ಉಳಿದ ಸಣ್ಣ ಅಂತರವನ್ನು ಲೆಕ್ಕದ ಮೂಲಕ ಸರಿದೂಗಿಸುವ ಕ್ರಮಗಳೂ ಇವೆ.

ಐದು: ಅಳೆಯಲಾಗದ ಗುಣಗಳು ಜೋಡಿಸುವಿಕೆಗೆ ಸಿಗುವುದಿಲ್ಲವೆಂಬುದನ್ನು ನೆನಪಿಡಬೇಕು. ಮಗನನ್ನು ಓದಿಸಲೇಬೇಕೆಂದು ಹಟ ತೊಟ್ಟು ಮಠದ ಬಾಗಿಲಿಗೆ ಕರೆತಂದ ತಾಯಿಯ ಹಂಬಲ ಯಾವ ರಿಜಿಸ್ಟರಿನಲ್ಲಿಯೂ ಬರೆದಿರುವುದಿಲ್ಲ.

ಹೀಗೆ ತೂಗಿ ನೋಡಿದಾಗ ನಾವು ಹೇಳಿಕೊಳ್ಳುತ್ತಿದ್ದ ಹೆಚ್ಚಳ ಕುಗ್ಗಬಹುದು. ಕುಗ್ಗಿದರೆ ದಾನಿ ಮಹನೀಯರು ಬೇಸರಪಡುವರೆಂಬ ಅಂಜಿಕೆ ಬೇಡ. ಜೋಡಿಸಿ ತೋರಿಸಿದ ನಾಲ್ಕು ಅಂಕದ ಹೆಚ್ಚಳ, ಜೋಡಿಸದೆ ತೋರಿಸಿದ ಇಪ್ಪತ್ತು ಅಂಕಕ್ಕಿಂತ ಗಟ್ಟಿಯಾದ ಕಾಣಿಕೆ. ಅಂತರವೇ ಇಲ್ಲವೆಂದು ಕಂಡುಬಂದರೆ ಎಲ್ಲಿ ತಿದ್ದಿಕೊಳ್ಳಬೇಕೆಂಬುದಾದರೂ ಗೊತ್ತಾಗುತ್ತದೆ. ದಾಸೋಹವು ಫಲಿತಾಂಶದ ಮೇಲೆ ನಿಂತದ್ದಲ್ಲ. ಹಸಿದವನಿಗೆ ಅನ್ನವಿಡಲು ಯಾವ ಅಂಕಪಟ್ಟಿಯ ಸಮರ್ಥನೆಯೂ ಬೇಕಿಲ್ಲ. ಆದರೆ ಅನ್ನದೊಡನೆ ಅಕ್ಷರವನ್ನೂ ನೀಡಿದ್ದೇವೆಂದು ಹೇಳುವಾಗ ಆ ಮಾತು ತೂಕದಲ್ಲಿ ಸರಿಯಾಗಿರಬೇಕು. ಕಾಯಕವನ್ನು ಪೂಜೆಯೆಂದು ತಿಳಿದ ಪರಂಪರೆಗೆ ಲೆಕ್ಕದ ಪ್ರಾಮಾಣಿಕತೆಯೂ ಕಾಯಕವೇ.

ಮುಂದಿನ ಬೇಸಿಗೆಯಲ್ಲಿ ಜಿಲ್ಲೆಗಳ ಪಟ್ಟಿ ಮತ್ತೆ ಪ್ರಕಟವಾಗುತ್ತದೆ. ಆಗ ಕಡಲ ತೀರದ ಜಿಲ್ಲೆಯೊಡನೆ ನಮ್ಮನ್ನು ಅಳೆಯುವವರಿಗೆ “ಸಮಾನರೊಡನೆ ಹೋಲಿಸಿರಿ” ಎಂದು ಹೇಳುವ ಅಧಿಕಾರ ನಮಗಿರಬೇಕಾದರೆ, ನಮ್ಮ ಮನೆಯ ಲೆಕ್ಕದಲ್ಲಿ ಆ ನ್ಯಾಯವನ್ನು ನಾವು ಮೊದಲೇ ನಡೆಸಿ ತೋರಿಸಿರಬೇಕು.